ತಪ್ಪಿಗೊಂದು ಚಪ್ಪಾಳೆ

ಬೇಸಿಗೆ ರಜೆ ಬಂತೆಂದರೆ ನಮ್ಮ ಬೇ ಏರಿಯಾದಲ್ಲಿ ಮಕ್ಕಳಿಗೆ ಈಜು, ಅಪ್ಪ ಅಮ್ಮಂದಿರಿಗೆ ಏದುಸಿರು. ಹೇವರ್ಡ್‌ನ ಒಂದು ಕಮ್ಯುನಿಟಿ ಸೆಂಟರಿನಲ್ಲಿ ಹಾಲ್ ಬಾಡಿಗೆಗೆ ಹಿಡಿದು ನಾನು ನಡೆಸುವ ಗಣಿತದ ಕ್ಯಾಂಪಿನಲ್ಲಿ ಪ್ರತಿ ವರ್ಷ ಏನಾದರೊಂದು ಆಗಿಯೇ ತೀರುತ್ತದೆ. ಮಕ್ಕಳಿಂದ ಆಗೋದು ಕಡಿಮೆ. ಅವರನ್ನ ಕಾರಿನಲ್ಲಿ ತಂದು ಬಿಡ್ತಾರಲ್ಲ, ಅವರಿಂದಲೇ ಎಲ್ಲಾ.

ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ಚೆನ್ನಾಗಿ ಹೇಳಿಕೊಡ್ತೀನಿ. ಇದನ್ನ ಸುಮ್ಮನೆ ವಿನಯಕ್ಕೆ ಮುಚ್ಚಿಡೋ ಅಭ್ಯಾಸ ನನಗಿಲ್ಲ. ಆರರಿಂದ ಎಂಟನೇ ಕ್ಲಾಸಿನ ಮಕ್ಕಳು ನನ್ನ ಕೈಗೆ ಸಿಕ್ಕರೆ ಲೆಕ್ಕ ಅಂದರೆ ಮುಖ ಸಿಂಡರಿಸೋದನ್ನ ಮರೆತುಬಿಡ್ತಾರೆ. ಅಪ್ಪಂದಿರ ಮುಖ ಸರಿಮಾಡೋ ವಿದ್ಯೆ ಮಾತ್ರ ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ.

ಈ ವರ್ಷದ ಕಥೆ ಕೇಳಿ.

೧. ಫಸ್ಟ್ ಬೆಂಚ್ ಅಪ್ಪ

ಸೇರಿಸಿಕೊಳ್ಳೋ ದಿನ ಒಬ್ಬರು ಎಲ್ಲರಿಗಿಂತ ಮುಂಚೆ ಬಂದು, ಮುಂದಿನ ಕುರ್ಚಿಯಲ್ಲೇ ಕೂತು, ಲ್ಯಾಪ್‌ಟಾಪು ತೊಡೆ ಮೇಲಿಟ್ಟುಕೊಂಡರು. ಬೆಂಗಳೂರಿನವರು. ಪಾಲೋ ಆಲ್ಟೋದಲ್ಲಿ ಚಿಪ್ ಡಿಸೈನ್ ಕೆಲಸ. ಹೆಸರು ಯಾಕೆ, ಫಸ್ಟ್ ಬೆಂಚ್ ಅಪ್ಪ ಅನ್ನೋಣ. ಪಕ್ಕದಲ್ಲಿ ಏಳನೇ ಕ್ಲಾಸಿಗೆ ಹೋಗೋ ಮಗಳು, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು.

"ಮೇಡಂ, ವಾರಕ್ಕೆ ಎಷ್ಟು ಟೆಸ್ಟು?"

"ಟೆಸ್ಟಿಲ್ಲ."

"ರ‍್ಯಾಂಕು?"

"ಅದೂ ಇಲ್ಲ."

"ಹೋಮ್‌ವರ್ಕು?"

"ಶುಕ್ರವಾರ ಒಂದೇ ಒಂದು ಪ್ರಶ್ನೆ ಕೊಡ್ತೀನಿ. ಮನಸ್ಸಾದರೆ ಮಾಡಬಹುದು."

ಅವರು ಲ್ಯಾಪ್‌ಟಾಪ್ ಮುಚ್ಚಿದರು. "ಮತ್ತೆ ಮಗು ಕಲಿತಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಊಟಕ್ಕೆ ಕೂತಾಗ ನಿಮ್ಮ ತಲೆ ತಿಂತಾಳೆ. ಆಗ ಗೊತ್ತಾಗುತ್ತೆ."

ನಾನು ಮಗಳ ಕಡೆ ತಿರುಗಿ, "ನಿನಗೆ ಲೆಕ್ಕ ಇಷ್ಟಾನಾ ಕಂದ?" ಅಂದೆ. ಅವಳು ಅಪ್ಪನ ಮುಖ ನೋಡಿದಳು. ಅಲ್ಲಿ ಸರಿ ಉತ್ತರ ಏನು ಅಂತ ಹುಡುಕ್ತಾ ಇದ್ದಳು ಪಾಪ.

ಅಪ್ಪ ಕೆಟ್ಟವರಲ್ಲ. ಮಗಳೆಂದರೆ ಜೀವ. "ಸ್ಪೆಲ್ಲಿಂಗ್ ಸ್ಪರ್ಧೇಲಿ ಸೆಕೆಂಡ್ ಬಂದಳು ಮೇಡಂ," ಅಂತ ಹೆಮ್ಮೆಯಿಂದ ಹೇಳಿ, ಅವಳ ಹೆಗಲ ಮೇಲೆ ಎರಡು ಸಲ ತಟ್ಟಿ, "ಗುಡ್ ಟ್ರೈ ಪುಟ್ಟಾ. ನೆಕ್ಸ್ಟ್ ಟೈಮ್?" ಅಂದರು. ಅವಳು, "ಫಸ್ಟ್," ಅಂತ ನೆಲ ನೋಡಿಕೊಂಡು ಹೇಳಿದಳು. ಅವರ ಮನೆಯಲ್ಲಿ ಇದು ದಿನಾ ಸಂಜೆ ದೀಪ ಹಚ್ಚಿದ ಹಾಗೆ ನಡೆಯೋ ಕಾರ್ಯಕ್ರಮ ಅಂತ ಕಂಡಿತು.

ನಮ್ಮ ಕ್ಯಾಂಪಿಗೆ ಎರಡು ಭಾಗ, ಜೂನಿನದೊಂದು, ಜುಲೈನದೊಂದು. ಅವರು ಜೂನಿಗೆ ಮಾತ್ರ ಸೇರಿಸಿದರು. "ಪಾಲೋ ಆಲ್ಟೋದಲ್ಲಿ ರ‍್ಯಾಂಕ್ ಕೊಡೋ ಕ್ಯಾಂಪ್ ಇದೆ. ಇಲ್ಲಿ ಸರಿಹೋಗಲಿಲ್ಲ ಅಂದರೆ ಜುಲೈಗೆ ಅಲ್ಲಿ," ಅಂತ ನನ್ನ ಮುಖಕ್ಕೇ ಹೇಳಿದರು. ನೇರ ಮಾತಾಡೋರನ್ನ ಕಂಡರೆ ನನಗೆ ಇಷ್ಟ.

"ಧಾರಾಳವಾಗಿ," ಅಂದೆ. "ಆದರೆ ಇವಳೇ ಬರಲ್ಲ ಅಂತಾಳೆ, ನೋಡ್ತಾ ಇರಿ."

ಅವರು ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಕೇಳಿದರು: "ಮೇಡಂ, ಹೋದ ವರ್ಷ ನಿಮ್ಮ ರ‍್ಯಾಂಕಿಲ್ಲದ ಕ್ಯಾಂಪಿನಲ್ಲಿ ಫಸ್ಟ್ ಬಂದಿದ್ದು ಯಾರು?"

೨. ಚಪ್ಪಾಳೆ ಯಾರಿಗೆ?

ನಮ್ಮ ಕ್ಯಾಂಪಿನಲ್ಲಿ ಒಂದು ಪದ್ಧತಿ ಇದೆ. ಕಾರಣ ಕೊಟ್ಟು ತಪ್ಪು ಉತ್ತರ ಹೇಳಿದರೆ ಇಡೀ ಕ್ಲಾಸು ಚಪ್ಪಾಳೆ ತಟ್ಟಬೇಕು. ಸರಿ ಉತ್ತರಕ್ಕೆ ಏನೂ ಇಲ್ಲ. ಸರಿ ಬಂದ ಖುಷಿ ಅವರಿಗೇ ಇರುತ್ತಲ್ಲ, ಇನ್ನೇನು ಬೇಕು? ತಪ್ಪು ಹೇಳಿದವರು ತಾನೇ ಉಳಿದವರಿಗೆ ದಾರಿ ತೋರಿಸೋದು.

ಇದನ್ನ ನಾನು ಅಪ್ಪ ಅಮ್ಮಂದಿರಿಗೆಲ್ಲ ಹೇಳಿದ್ದೆ. ಆಗ ಫಸ್ಟ್ ಬೆಂಚ್ ಅಪ್ಪ ಫೋನಿನಲ್ಲಿ ಯಾವುದೋ ಮೀಟಿಂಗಿನಲ್ಲಿದ್ದರು.

ಮೊದಲ ವಾರ ಅವರು ಮಗಳನ್ನ ಕರೆದುಕೊಂಡು ಹೋಗೋಕೆ ಬೇಗ ಬಂದು ಕಾರಿನಲ್ಲೇ ಕಾಯೋರು. ಕಿಟಕಿಯಿಂದ ಚಪ್ಪಾಳೆ ಕೇಳಿಸ್ತಾ ಇತ್ತು. ಪಟಪಟ ಅಂತ ಒಂದಾದ ಮೇಲೊಂದು. ಇವರಿಗೆ ಒಳಗೊಳಗೇ ಆನಂದ. ಮಗಳು ಬಂದು ಸೀಟ್ ಬೆಲ್ಟ್ ಹಾಕಿಕೊಳ್ಳೋದಕ್ಕೂ ಬಿಡದೆ ಕೇಳಿದರು:

"ಇವತ್ತು ನಿನಗೆ ಎಷ್ಟು ಚಪ್ಪಾಳೆ ಪುಟ್ಟಾ?"

"ಜೀರೋ," ಅಂದಳು ಇಂಗ್ಲಿಷಿನಲ್ಲಿ.

"ಒಂದೂ ಇಲ್ವಾ? ನಿನ್ನ ಕ್ಲಾಸಿನ ಆ ಮಂಗಳೂರು ಹುಡುಗನಿಗೆ?"

"ಅವನಿಗೆ ತುಂಬಾ."

ಅಪ್ಪನ ಮುಖ ಇಳಿಯಿತು. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ದಿನ ತಡೆಯಲಾರದೆ, ಕಾರಿನ ಪಕ್ಕದಲ್ಲೇ ನಿಂತು, ನಾನೂ ಕೇಳಿಸಿಕೊಳ್ಳೋ ಹಾಗೆ ಮಗಳಿಗೆ ಬುದ್ಧಿ ಹೇಳಿದರು. "ನೋಡು ಪುಟ್ಟಾ, ಬೈತಾ ಇಲ್ಲ. ಅವನು ಅಷ್ಟು ತೊಗೊಳ್ತಾನೆ, ನೀನು ನಾಳೆ ಒಂದಾದರೂ ತೊಗೊಂಡು ಬಾ. ಅವನು ಮಾಡೋದನ್ನ ನೀನು ಮಾಡಕ್ಕಾಗಲ್ವಾ?"

ಮಗಳು ಕಣ್ಣರಳಿಸಿ, "ನಿಜವಾಗಲೂ ಮಾಡಲಾ ಅಪ್ಪಾ?" ಅಂದಳು. ಅವಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು.

"ಮಾಡು ಪುಟ್ಟಾ! ಎಷ್ಟು ಆಗುತ್ತೋ ಅಷ್ಟು ಮಾಡು!"

ನಾನು ಹತ್ತಿರ ಹೋಗಿ, "ತುಂಬಾ ಒಳ್ಳೆ ಮಾತು ಹೇಳಿದಿರಿ. ಇಷ್ಟು ದೊಡ್ಡ ಮನಸ್ಸಿನಿಂದ ಮಗೂನ ತಪ್ಪು ಮಾಡು ಅಂತ ಕಳಿಸೋ ಅಪ್ಪನ್ನ ನಾನು ಇವತ್ತೇ ನೋಡಿದ್ದು," ಅಂದೆ.

೩. ಇಡ್ಲಿ ಕಮಿಟಿ

ಆ ಶುಕ್ರವಾರ ನಾನು ಕೊಟ್ಟ ಪ್ರಶ್ನೆ ಇದು: ನಾವು ಕೂತಿರೋ ಈ ಹಾಲನ್ನ ನೆಲದಿಂದ ಚಾವಣಿ ತನಕ ಇಡ್ಲಿಯಿಂದ ತುಂಬಿಸಿದರೆ ಎಷ್ಟು ಇಡ್ಲಿ ಹಿಡಿಸಬಹುದು? ಇದಕ್ಕೆ ಕರಾರುವಾಕ್ಕಾದ ಉತ್ತರ ಬೇಕಿಲ್ಲ. ಮಕ್ಕಳು ಸುಮಾರಾಗಿ ಊಹಿಸಬೇಕು, ಊಹೆಗೆ ಕಾರಣ ಹೇಳಬೇಕು, ಅಷ್ಟೇ.

ಸೋಮವಾರ ಬಂದರೆ, ಒಬ್ಬೊಬ್ಬರೇ ಎದ್ದು ಉತ್ತರ ಹೇಳ್ತಾರೆ, ಎಲ್ಲರದೂ ಒಂದೇ ಸಂಖ್ಯೆ! ಲಕ್ಷಗಟ್ಟಲೆ ಇಡ್ಲಿ, ಕೊನೆಯಲ್ಲಿ ಪಾಯಿಂಟ್ ಐದು.

"ಆ ಅರ್ಧ ಇಡ್ಲಿ ಯಾರು ತಿಂದರು?" ಅಂದೆ.

ಮಂಗಳೂರು ಹುಡುಗ ಸತ್ಯ ಕಕ್ಕಿದ. ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಶನಿವಾರ ಬೆಳಗ್ಗೆಯಿಂದ ಇದೇ ಚರ್ಚೆಯಂತೆ. ಒಬ್ಬರು ಇಡ್ಲಿಯ ಗಾತ್ರಕ್ಕೆ ಸೂತ್ರ ಬರೆದರು. ಇನ್ನೊಬ್ಬರು ಇಡ್ಲಿ ಇಡ್ಲಿ ನಡುವಿನ ಸಂದಿಗೆ ಲೆಕ್ಕ ಹಾಕಿದರು. ಡಾಕ್ಟರ್ ಅಮ್ಮ ಒಬ್ಬರು, ಕೆಳಗಿನ ಇಡ್ಲಿಗಳು ಭಾರಕ್ಕೆ ಅಪ್ಪಚ್ಚಿಯಾಗುತ್ತವೆ, ಅದನ್ನೂ ಹಿಡೀರಿ ಅಂದರು. ಹಾಲ್ ಅಳೆಯೋ ಜವಾಬ್ದಾರಿಯನ್ನ ಫಸ್ಟ್ ಬೆಂಚ್ ಅಪ್ಪ ತಾವೇ ಮೈಮೇಲೆ ಹಾಕಿಕೊಂಡರು. ಕಮ್ಯುನಿಟಿ ಸೆಂಟರಿಗೆ ಬಂದು ಲೇಸರ್ ಅಳತೆ ತೆಗೆದುಕೊಂಡು ಹೋದರು.

"ಸರಿ ಉತ್ತರ ಎಲ್ಲರದೂ ಒಂದೇ ಆದರೆ ನಂಬಬಹುದು," ಅಂತ ನಾನು ಮಕ್ಕಳಿಗೆ ಹೇಳಿದೆ. "ತಪ್ಪು ಉತ್ತರವೂ ಒಂದೇ ಆದರೆ ಅದಕ್ಕೆ ಕಾಪಿ ಅಂತಾರೆ."

ಆಗ ಹಿಂದಿನಿಂದ ಒಂದು ಕೈ ಮೇಲೆ ಬಂತು. ಫಸ್ಟ್ ಬೆಂಚ್ ಅಪ್ಪನ ಮಗಳದು!

"ಆಂಟಿ, ಐ ಥಿಂಕ್ ಅಪ್ಪ ಈಸ್ ರಾಂಗ್. ನಮ್ಮನೆ ಇಡ್ಲಿ ಅಷ್ಟು ದಪ್ಪ ಇಲ್ಲ. ತುಂಬಾ ಫ್ಲ್ಯಾಟು. ಇನ್ನೂ ಜಾಸ್ತಿ ಹಿಡಿಸುತ್ತೆ."

"ಎಷ್ಟು?"

"ಹಂಡ್ರೆಡ್ ಮಿಲಿಯನ್!"

"ಅಷ್ಟಾದರೆ ಬಾಗಿಲು ಒಡಕೊಂಡು ಪಾರ್ಕಿಂಗ್ ಲಾಟಿಗೆ ಬರುತ್ತೆ ಇಡ್ಲಿ," ಅಂದ ಮಂಗಳೂರು ಹುಡುಗ. ಕ್ಲಾಸು ಗೊಳ್ ಅಂತು. ಆಮೇಲೆ ಚಪ್ಪಾಳೆ, ಅದೆಂಥಾ ಚಪ್ಪಾಳೆ ಅಂತೀರಿ! ಆ ಹುಡುಗಿ ಕೆಂಪಗಾದಳು, ನಕ್ಕಳು, ಕೂರಲೇ ಇಲ್ಲ, ನಿಂತುಕೊಂಡೇ ಇನ್ನೆರಡು ತಪ್ಪು ಉತ್ತರ ಹೇಳಿದಳು. ನನಗೆ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ. ಸಂಜೆ ಹೊರಡುವಾಗ ನನ್ನ ಹತ್ತಿರ ಬಂದು, "ಆಂಟಿ, ಜುಲೈನಲ್ಲೂ ನಾನು ಇಲ್ಲೇ ಇರಬೇಕು. ಪ್ಲೀಸ್, ಅಪ್ಪನಿಗೆ ಹೇಳಿ," ಅಂದಳು.

ಅದೇ ಹೊತ್ತಿಗೆ ಪಕ್ಕದ ಹಾಲಿನಲ್ಲಿ ಯೋಗ ಹೇಳಿಕೊಡೋ ಹೆಂಗಸು ಸಿಡಿಮಿಡಿ ಅಂತ ಬಂದರು. "ನಿಮ್ಮ ಕ್ಯಾಂಪಿನವರು ಯಾರೋ ಶನಿವಾರ ನನ್ನ ಕ್ಲಾಸಿಗೆ ನುಗ್ಗಿದ್ದರು. ಶವಾಸನದಲ್ಲಿ ಮಲಗಿದ್ದವರನ್ನೆಲ್ಲ ದಾಟಿಕೊಂಡು ಮೂಲೆ ಮೂಲೆ ಅಳೆದರು. ಏನು ಬೇಕು ಅಂದರೆ, 'ಸಾರಿ, ಇಡ್ಲಿಗೆ' ಅಂದರು!"

೪. ಸೇತುವೆಯ ಆಚೆ

ಹುಡುಗಿಯ ಮಾತನ್ನ ಅವಳಪ್ಪನಿಗೆ ಹೇಳಿದೆ. ಅವರು, "ಖುಷಿಯಾಗಿದ್ದಾಳೆ, ಒಪ್ಪಿದೆ. ಖುಷಿಯೇನು ಸಿಲಬಸ್ಸಾ ಮೇಡಂ?" ಅಂದು, ಮುಂದಿನ ವಾರವೇ ಅವಳನ್ನ ಪಾಲೋ ಆಲ್ಟೋದ ಆ ರ‍್ಯಾಂಕಿನ ಕ್ಯಾಂಪಿಗೆ ಒಂದು ದಿನದ ಟ್ರಯಲ್ ಕ್ಲಾಸಿಗೆ ಕರೆದುಕೊಂಡು ಹೋದರು. ಮರುದಿನ ನನ್ನ ಮುಂದೆ ಬಂದು ನಿಂತಾಗ ಮುಖ ಗಡಿಗೆ ಗಾತ್ರ ಊದಿತ್ತು.

"ನನ್ನ ಮಾನ ಹೋಯಿತು ಮೇಡಂ."

"ಯಾಕೆ, ಟೆಸ್ಟು ಚೆನ್ನಾಗಿ ಮಾಡಲಿಲ್ವಾ?"

"ಟೆಸ್ಟು ಚೆನ್ನಾಗೇ ಮಾಡಿದಳು. ಸೀಟೂ ಕೊಟ್ಟರು. ಆಮೇಲೆ ಕ್ಲಾಸಿನಲ್ಲಿ ಕೂರಿಸಿದರು. ನಾನು ಗಾಜಿನಾಚೆ ನಿಂತು ನೋಡ್ತಿದ್ದೆ. ಆ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು. ಯಾರೂ ಉಸಿರೆತ್ತಲಿಲ್ಲ. ಇವಳು ಕೈ ಎತ್ತಿದಳು. ನನಗೆ ಎದೆ ಉಬ್ಬಿತು. ಎದ್ದು ನಿಂತು ಗಟ್ಟಿಯಾಗಿ ತಪ್ಪು ಉತ್ತರ ಹೇಳಿದಳು."

"ಕಾರಣ ಹೇಳಿದಳಾ?"

"ಹೇಳಿದಳು. ಅದಲ್ಲ ಮುಖ್ಯ! ಹೇಳಿ ಕೂರಲಿಲ್ಲ ಮೇಡಂ. ಸುತ್ತ ನೋಡ್ತಾ ನಿಂತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಗ ತಾನೇ ತಟ್ಟಿಕೊಂಡಳು!"

ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

"ನಗಬೇಡಿ. ಪಕ್ಕದ ಹುಡುಗ ಏನೋ ಇರಬೇಕು ಅಂತ ಅವನೂ ತಟ್ಟಿದ. ಆಮೇಲೆ ಇಡೀ ಕ್ಲಾಸು! ಮೇಷ್ಟ್ರು ಹೊರಗೆ ಬಂದು, ಇವಳು ಇದನ್ನೆಲ್ಲ ಎಲ್ಲಿ ಕಲಿತಳು ಅಂತ ಕೇಳಿದರು."

"ನೀವು ಏನಂದಿರಿ?"

"'ಅವರಮ್ಮನ ಕಡೆಯಿಂದ ಬಂದಿದೆ' ಅಂದೆ."

ನಕ್ಕಿದ್ದು ಸಾಕು ಅಂತ ಅವರು ವಿಷಯಕ್ಕೆ ಬಂದರು. ಸೋಮವಾರದಿಂದ ಅಲ್ಲಿ ಸೀಟು ಹಿಡಿದಾಗಿದೆ. ನಮ್ಮ ಜೂನ್ ಕ್ಯಾಂಪು ಶುಕ್ರವಾರಕ್ಕೆ ಮುಗಿಯುತ್ತೆ. ಆಮೇಲೆ ಇವಳು ಅಲ್ಲಿಗೆ. ಹುಡುಗಿ ಅಪ್ಪನ ಹಿಂದೆ ನಿಂತು ಕೇಳಿಸಿಕೊಳ್ತಾ ಇದ್ದಳು. ಅಳಲಿಲ್ಲ, ಆದರೆ ಆ ಹಳೇ ಬೀಗ ಮತ್ತೆ ಬಾಯಿಗೆ ಬಂದು ಕೂತಿತ್ತು. ಅದನ್ನ ನೋಡಿ ನನಗೆ ರೇಗಿಹೋಯಿತು.

"ನೋಡಿ, ಶುಕ್ರವಾರ ಅಪ್ಪ ಅಮ್ಮಂದಿರ ದಿನ," ಅಂದೆ. "ನೀವೆಲ್ಲ ಒಂದು ಕಡೆ ಕೂರಿ, ಮಕ್ಕಳು ಒಂದು ಕಡೆ. ಇಬ್ಬರಿಗೂ ಒಂದೇ ಹೊಸ ಪ್ರಶ್ನೆ. ಇಬ್ಬರೂ ಮುಂಚೆ ನೋಡಿರಬಾರದು. ನೀವು ಮೊದಲು ಉತ್ತರ ತಂದರೆ ಸೋಮವಾರ ಬೆಳಗ್ಗೆ ನಾನೇ ಕಾರು ತೆಗೆದು, ಆ ಟ್ರಾಫಿಕ್ಕಿನಲ್ಲಿ ಕೊಲ್ಲಿಯ ಸೇತುವೆ ದಾಟಿ ಇವಳನ್ನ ಪಾಲೋ ಆಲ್ಟೋದಲ್ಲಿ ಬಿಟ್ಟು ಬರ್ತೀನಿ. ಮಕ್ಕಳು ಮೊದಲು ತಂದರೆ ಇವಳು ಇಲ್ಲೇ."

ಅವರಿಗೆ ನಗು ಬಂತು. "ಒಪ್ಪಿದೆ. ಆದರೆ ಮೇಡಂ, ನಮ್ಮ ಕಡೆ ಅಷ್ಟು ಜನ ಇಂಜಿನಿಯರುಗಳು. ಯೋಚನೆ ಮಾಡಿ ಹೇಳ್ತಿದೀರಾ?"

"ಇಂಜಿನಿಯರುಗಳು ಇದಾರೆ ಅಂತಾನೇ ಹೇಳ್ತಿರೋದು," ಅಂದೆ.

೫. ಮೈಸೂರು ಪಾಕು

ಶುಕ್ರವಾರ ನಾನು ಎರಡು ಟ್ರೇ ಮೈಸೂರು ಪಾಕು ಮಾಡಿಕೊಂಡು ಹೋದೆ. ನನ್ನ ಮೈಸೂರು ಪಾಕು ಗಟ್ಟಿ. ನಮ್ಮನೆಯವರು ಅದನ್ನ ತಿನ್ನೋ ಮುಂಚೆ ಹಲ್ಲು ಮುಟ್ಟಿ ನೋಡಿಕೊಳ್ತಾರೆ. ಇರಲಿ, ಪುಡಿಯಾಗದೆ ನೀಟಾಗಿ ತುಂಡಾಗಬೇಕಾದರೆ ಹಾಗೇ ಇರಬೇಕು.

ಒಂದೊಂದು ಟ್ರೇನಲ್ಲೂ ಒಂದೇ ದೊಡ್ಡ ಹಲಗೆ. ಅದರ ಮೇಲೆ ಅಡ್ಡ ಎಂಟು, ಉದ್ದ ಐದು ಮನೆ ಬರೋ ಹಾಗೆ ಗೀರು ಹಾಕಿದ್ದೆ. ಒಟ್ಟು ನಲವತ್ತು ಚೌಕ. ಪ್ರಶ್ನೆ ಇಷ್ಟೇ: ಇದನ್ನ ನಲವತ್ತು ಬಿಡಿ ತುಂಡು ಮಾಡೋಕೆ ಕಡಿಮೆ ಅಂದರೆ ಎಷ್ಟು ಸಲ ಚಾಕು ಹಾಕಬೇಕು? ನಿಯಮ ಒಂದೇ. ಒಂದು ಸಲಕ್ಕೆ ಒಂದೇ ತುಂಡನ್ನ ನೇರವಾಗಿ ಕತ್ತರಿಸಬೇಕು. ಎರಡು ತುಂಡು ಜೋಡಿಸಿ ಒಟ್ಟಿಗೆ ಕತ್ತರಿಸೋ ಹಾಗಿಲ್ಲ.

"ಸ್ಟಾರ್ಟ್!" ಅಂದೆ.

ಅಪ್ಪ ಅಮ್ಮಂದಿರ ಕಡೆ ಯಾರೂ ಚಾಕು ಮುಟ್ಟಲಿಲ್ಲ. ಮೊದಲು ಕ್ಯಾಪ್ಟನ್ ಯಾರು ಅಂತ ಚರ್ಚೆಯಾಯಿತು. ಫಸ್ಟ್ ಬೆಂಚ್ ಅಪ್ಪ ಆದರು. ಕೂಡಲೇ, "ಮಧ್ಯಕ್ಕೆ ಕತ್ತರಿಸಿ, ಅರ್ಧ, ಅರ್ಧದಲ್ಲಿ ಅರ್ಧ, ಹೀಗೆ ಹೋದರೆ ಕಡಿಮೆ ಬರುತ್ತೆ," ಅಂದರು. ಡಾಕ್ಟರ್ ಅಮ್ಮ, "ಛೆ ಛೆ, ಮೊದಲು ಉದ್ದುದ್ದ ಪಟ್ಟಿ ಮಾಡಿಕೊಳ್ಳಬೇಕು," ಅಂದರು. ಜನ ಎರಡು ಪಕ್ಷವಾದರು. ಅರ್ಧದ ಪಕ್ಷ ಒಂದು ಮೇಜು, ಪಟ್ಟಿಯ ಪಕ್ಷ ಇನ್ನೊಂದು ಮೇಜು. ಎರಡು ಲ್ಯಾಪ್‌ಟಾಪು ತೆರೆದುಕೊಂಡವು. ಯಾರೋ ವೈಫೈ ಪಾಸ್‌ವರ್ಡ್ ಕೇಳಿದರು.

ಮಂಗಳೂರು ಹುಡುಗನ ಅಜ್ಜಿ ಊರಿಂದ ಬಂದಿದ್ದರು. ಬೆಂಚಿನ ಮೇಲೆ ಕೂತು ಎಲ್ಲಾ ನೋಡ್ತಾ ಇದ್ದವರು ನನ್ನ ಕಿವಿಯಲ್ಲಿ, "ಎಂತ ಟೀಚರೇ, ಇವರು ಇದನ್ನು ತಿನ್ನುವುದಾ ಅಥವಾ ಕಂಪ್ಯೂಟರಿಗೆ ಹಾಕುವುದಾ?" ಅಂದರು.

ಮಕ್ಕಳ ಕಡೆ ಆಗಲೇ ಚಾಕು ಇಳಿದಿತ್ತು. ಒಬ್ಬ ಕತ್ತರಿಸ್ತಾನೆ, ಉಳಿದವರು ತುಂಡು ಎಣಿಸ್ತಾರೆ. ಒಂದು ಸಲ ಕತ್ತರಿಸಿದರೆ ಎರಡು. ಇನ್ನೊಂದು ಸಲಕ್ಕೆ ಮೂರು. ಮತ್ತೊಂದು ಸಲಕ್ಕೆ ನಾಲ್ಕು. ಫಸ್ಟ್ ಬೆಂಚ್ ಅಪ್ಪನ ಮಗಳು ಬಾಯಿ ಬಿಡದೆ ನೋಡ್ತಾ ನಿಂತಿದ್ದಳು. ಬಾಯಿ ಬಿಡು ಕಂದ, ಸೋಮವಾರ ಹತ್ತಿರ ಬರ್ತಾ ಇದೆ!

ಇದ್ದಕ್ಕಿದ್ದ ಹಾಗೆ ಅವಳು ಕೂಗಿದಳು. "ನಿಲ್ಲಿಸು! ಪೂರ್ತಿ ಕತ್ತರಿಸೋದೇ ಬೇಡ. ಪ್ರತಿ ಸಲ ಒಂದೇ ತುಂಡು ಜಾಸ್ತಿ ಆಗುತ್ತೆ. ನಲವತ್ತು ಬೇಕು. ಉತ್ತರ ನಲವತ್ತು!"

ತಪ್ಪು. ಹತ್ತು ಮಾರು ದೂರದಲ್ಲಿದ್ದ ಅವಳಪ್ಪನಿಗೂ ಕೇಳಿಸಿತು. ಅವರು ಕಣ್ಣು ಮುಚ್ಚಿಕೊಂಡರು. ನಾನು ತಲೆ ಅಲ್ಲಾಡಿಸಿದೆ. ಮಕ್ಕಳೆಲ್ಲ ಕೆಲಸ ಬಿಟ್ಟು ಪಟಪಟ ಚಪ್ಪಾಳೆ ತಟ್ಟಿದರು. ಅಜ್ಜಿಯೂ ತಟ್ಟಿದರು. ಆ ಚಪ್ಪಾಳೆ ನಿಲ್ಲೋದರೊಳಗೆ ಹುಡುಗಿ ಹಣೆ ಚಚ್ಚಿಕೊಂಡು, "ಓ ವೇಟ್! ಶುರುವಿನಲ್ಲೇ ಒಂದು ಇತ್ತಲ್ಲ! ಮೂವತ್ತೊಂಬತ್ತು! ಹೇಗೆ ಕತ್ತರಿಸಿದರೂ ಮೂವತ್ತೊಂಬತ್ತೇ, ಆಂಟಿ!" ಅಂದಳು.

"ಸರಿ," ಅಂದೆ. ನಮ್ಮ ಪದ್ಧತಿಯಂತೆ ಒಂದು ಚಪ್ಪಾಳೆಯೂ ಇಲ್ಲ. ಮಕ್ಕಳು ಸುಮ್ಮನೆ ಮೈಸೂರು ಪಾಕಿಗೆ ಕೈ ಹಾಕಿದರು.

ದೊಡ್ಡವರಿಗೆ ಈ ಸರಿ ಉತ್ತರದ ಪರಿವೆಯೇ ಇಲ್ಲ. ನಲವತ್ತು ತಪ್ಪು ಅಂತ ಕೇಳಿದ ಮೇಲೆ ಅವರು ಇನ್ನೂ ಜೋರಾಗಿ ಕೀಲಿಮಣೆ ಕುಟ್ಟೋಕೆ ಹಿಡಿದಿದ್ದರು. ಕೊನೆಗೆ ಎರಡೂ ಮೇಜಿನಿಂದ ಒಂದೇ ಸಲ ಕೂಗು ಬಂತು.

"ಮೂವತ್ತೊಂಬತ್ತು!" ಅಂದರು ಅರ್ಧದ ಪಕ್ಷದ ಫಸ್ಟ್ ಬೆಂಚ್ ಅಪ್ಪ.

"ಮೂವತ್ತೊಂಬತ್ತು!" ಅಂದರು ಪಟ್ಟಿಯ ಪಕ್ಷದ ಡಾಕ್ಟರ್ ಅಮ್ಮ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನಮ್ಮ ಸ್ಕ್ರೀನ್ ನೋಡಿದಿರಾ?" ಅಂದರು ಫಸ್ಟ್ ಬೆಂಚ್ ಅಪ್ಪ.

"ನಿಮ್ಮದನ್ನ ನಾನ್ಯಾಕೆ ನೋಡಲಿ? ನೀವೇ ನೀರು ಕುಡಿಯೋ ನೆಪದಲ್ಲಿ ನಮ್ಮ ಮೇಜಿನ ಹಿಂದೆ ಬಂದಿದ್ದಿರಿ!"

"ನಮ್ಮ ದಾರಿ ಬೇರೆ, ನಿಮ್ಮ ದಾರಿ ಬೇರೆ. ಉತ್ತರ ಒಂದೇ ಹೇಗೆ ಬರುತ್ತೆ? ಮೇಡಂ, ಇದು ಕಾಪಿ!"

"ಮೇಡಂ, ಇವರೇ ಕಾಪಿ!"

ಇಷ್ಟೆಲ್ಲ ಓದಿದ ಜನ, ಆಫೀಸಿನಲ್ಲಿ ಅಷ್ಟು ಮಂದಿಯನ್ನ ಆಳೋರು, ನನ್ನ ಮುಂದೆ ಬೆರಳು ತೋರಿಸ್ತಾ ನಿಂತಿದ್ದರು. ಮಕ್ಕಳು ಬಾಯಿ ತುಂಬ ಮೈಸೂರು ಪಾಕು ಇಟ್ಟುಕೊಂಡು, ಅಗಿಯೋದನ್ನೂ ಮರೆತು ನೋಡಿದರು. ಆ ಹುಡುಗಿ ಮೆಲ್ಲಗೆ ಅಪ್ಪನ ಹತ್ತಿರ ಹೋಗಿ ಕೈ ಹಿಡಿದಳು.

"ಅಪ್ಪಾ, ಯಾರೂ ಕಾಪಿ ಮಾಡಿಲ್ಲ. ಯಾವ ಕಡೆಯಿಂದ ಹೋದರೂ ಅಷ್ಟೇ ಬರುತ್ತೆ. ಬೆಸ್ಟ್ ದಾರಿ ಅಂತ ಇಲ್ಲವೇ ಇಲ್ಲ. ನಾವು ಆಗಲೇ ಹೇಳಿದ್ವಲ್ಲ." ಆಮೇಲೆ ಒಂದು ಸಲಕ್ಕೆ ಒಂದೇ ತುಂಡು ಯಾಕೆ ಹೆಚ್ಚುತ್ತೆ ಅಂತ ಅಚ್ಚ ಕನ್ನಡದಲ್ಲಿ, ತಡವರಿಸಿಕೊಂಡು, ಕೈಯಲ್ಲಿ ತೋರಿಸಿ ತೋರಿಸಿ ವಿವರಿಸಿದಳು. ಅಪ್ಪ ಪೂರ್ತಿ ಕೇಳಿದರು. ಅವಳು ಇಷ್ಟುದ್ದ ಮಾತಾಡಿದ್ದನ್ನ ಅವರು ಯಾವತ್ತು ಕೇಳಿದ್ದರೋ ಏನೋ. ಲ್ಯಾಪ್‌ಟಾಪು ಮುಚ್ಚಿ, ಫೋನ್ ತೆಗೆದು ಏನೋ ಒತ್ತಿದರು.

"ಏನು ಮಾಡ್ತಿದೀರಾ?" ಅಂದೆ.

"ಸೋಮವಾರದ ಸೀಟು ಕ್ಯಾನ್ಸಲ್ ಮೇಡಂ. ಮಾತು ಅಂದರೆ ಮಾತು."

ಹುಡುಗಿ ಕುಣಿದುಬಿಟ್ಟಳು. ಅಜ್ಜಿ ಉಳಿದಿದ್ದ ತುಂಡೊಂದನ್ನ ತಂದು ಫಸ್ಟ್ ಬೆಂಚ್ ಅಪ್ಪನ ಕೈಗಿಟ್ಟು, "ತಿನ್ನಿ ಮಾರಾಯ್ರೆ, ಸುಸ್ತಾಗಿರ್ಬೇಕು," ಅಂದರು. ಅವರು ಅದನ್ನ ಕಷ್ಟಪಟ್ಟು ಕಡಿದು, ದವಡೆ ಹಿಡಿದುಕೊಂಡು, ಹೊರಟವರು ಬಾಗಿಲ ಹತ್ತಿರ ಹೋಗಿ ನಿಂತರು. ತಿರುಗಿ ನೋಡಿದರು. ತಡೆಯೋಕಾಗಲಿಲ್ಲ ಪಾಪ.

"ಮೇಡಂ, ರ‍್ಯಾಂಕ್ ಇಲ್ಲ, ಗೊತ್ತು. ಸುಮ್ಮನೆ ಕೇಳ್ತಿದೀನಿ. ಇವತ್ತು ನಮಗೆ ಎಷ್ಟನೇ ಸ್ಥಾನ?"

ನಾನು ಬಾಯಿ ತೆರೆಯೋ ಮುಂಚೆ ಮಗಳು ಓಡಿಹೋಗಿ, ತುದಿಗಾಲಲ್ಲಿ ನಿಂತು, ಅವರ ಹೆಗಲ ಮೇಲೆ ಎರಡು ಸಲ ತಟ್ಟಿದಳು.

"ಗುಡ್ ಟ್ರೈ ಅಪ್ಪಾ. ನೆಕ್ಸ್ಟ್ ಟೈಮ್?"